ಎಂಜಿನ್ನಿನ ನೀರು ಎಲ್ಲಿಗೆ ಹೋಯಿತು?

ಹಳೆಯ ಕಾಲದ ಬಸ್ಸು, ಲಾರಿ ಡ್ರೈವರುಗಳಿಗೆ ಒಂದೇ ರಸ್ತೆಯ ಎರಡು ನಕ್ಷೆಗಳು ಬಾಯಿಪಾಠವಾಗಿರುತ್ತಿದ್ದವು. ಒಂದು ಊರುಗಳದ್ದು, ಇನ್ನೊಂದು ನೀರಿನದು. ಯಾವ ತಿರುವಿನಲ್ಲಿ ಹಳ್ಳ ಸಿಗುತ್ತದೆ, ಯಾವ ಸೇತುವೆಯ ಕೆಳಗೆ ಬೇಸಿಗೆಯಲ್ಲೂ ನೀರಿರುತ್ತದೆ, ಯಾರ ಮನೆಯ ಬಾವಿಗೆ ಹಗ್ಗ ಬಿಂದಿಗೆ ಸದಾ ಇಟ್ಟಿರುತ್ತಾರೆ ಎಂಬುದು ಗೊತ್ತಿಲ್ಲದವನು ಘಾಟಿ ಹತ್ತುವ ಹಾಗಿರಲಿಲ್ಲ. ಎಂಜಿನ್ ಕಾಯುತ್ತಿತ್ತು, ಬಾನೆಟ್ಟಿನ ಸಂದಿಯಿಂದ ಆವಿ ಏಳುತ್ತಿತ್ತು. ಕ್ಲೀನರ್ ಡಬ್ಬ ಹಿಡಿದುಕೊಂಡು ಹಳ್ಳಕ್ಕೆ ಇಳಿಯುತ್ತಿದ್ದ. ಪ್ರಯಾಣಿಕರು ಕೆಳಗಿಳಿದು ಕಾಲು ಚಾಚಿಕೊಂಡು ಕೂರುತ್ತಿದ್ದರು. ಗಾಡಿ ಕುಡಿದ ನೀರನ್ನೇ ಅವರೂ ಕುಡಿಯುತ್ತಿದ್ದರು.

ನಮ್ಮ ಮಲ್ಲಿಪಟ್ಟಣ ಅರಕಲಗೂಡು ತಾಲ್ಲೂಕಿನ ಹೋಬಳಿ. ಪೂರ್ವಕ್ಕೆ ಹೊರಟರೆ ಹೊಳೆನರಸೀಪುರ, ಚನ್ನರಾಯಪಟ್ಟಣದ ಬಯಲು ಸಿಗುತ್ತದೆ. ಪಶ್ಚಿಮಕ್ಕೆ ಹೊರಟರೆ ಕಾಫಿ ತೋಟಗಳು, ಕೊಡಗಿನ ಗಡಿ, ಸಕಲೇಶಪುರದ ಕಡೆಯ ಕಾಡು, ಆಚೆಗೆ ಬಿಸಿಲೆ ಮತ್ತು ಶಿರಾಡಿ ಘಾಟಿಗಳು. ಹೀಗೆ ಬಯಲುಸೀಮೆಗೂ ಮಲೆನಾಡಿಗೂ ನಡುವೆ ಕೂತಿರುವ ಊರಿನಲ್ಲಿ ಹಳೆಯ ಗಾಡಿಗಳು ಬೇಗ ಸಾಯುವುದಿಲ್ಲ. ಪೇಟೆಯವರು ಮಾರಿದ ಜೀಪು, ವ್ಯಾನುಗಳು ಇಲ್ಲಿಗೆ ಬಂದು ಶುಂಠಿ, ಆಲೂಗಡ್ಡೆ, ಗೊಬ್ಬರದ ಚೀಲ, ತೋಟದ ಆಳುಗಳನ್ನು ಹೊತ್ತು ಇನ್ನೂ 20 ವರ್ಷ ಓಡುತ್ತವೆ. ಅವು ನಿಂತುಹೋಗುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಎಂಜಿನ್ನಿನ ನೀರು ಎಲ್ಲಿಗೋ ಹೋಗಿರುತ್ತದೆ, ಎಲ್ಲಿಗೆ ಎಂದು ಯಾರೂ ಕೇಳಿರುವುದಿಲ್ಲ. ಈ ಪ್ರಶ್ನೆಯನ್ನು ಕೇಳದಿರುವ ಅಭ್ಯಾಸಕ್ಕೆ ಒಂದು ಇತಿಹಾಸವಿದೆ ಎಂದು ನನಗೆ ಅನ್ನಿಸುತ್ತದೆ.

ಮೋಟಾರು ಗಾಡಿ ಹುಟ್ಟಿದ್ದೇ ನೀರು ಕುಡಿಯುವ ಪ್ರಾಣಿಯಾಗಿ. 1886ರ ಜನವರಿ 29ರಂದು ಜರ್ಮನಿಯ ಕಾರ್ಲ್ ಬೆಂಜ್ ಪೇಟೆಂಟಿಗೆ ಅರ್ಜಿ ಹಾಕಿದ ಮೂರು ಚಕ್ರದ ಗಾಡಿಯಲ್ಲಿ ಎಂಜಿನ್ನಿನ ಸುತ್ತ ನೀರು ಕಾದು ಆವಿಯಾಗಿ ಹೋಗುತ್ತಿತ್ತು. ಹೋದಷ್ಟನ್ನು ಮತ್ತೆ ತುಂಬಬೇಕಿತ್ತು. 1888ರ ಆಗಸ್ಟಿನಲ್ಲಿ ಆತನ ಹೆಂಡತಿ ಬೆರ್ಥಾ ಬೆಂಜ್ ತನ್ನ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮಾನ್‌ಹೈಮಿನಿಂದ ತವರೂರು ಫೋರ್ಟ್ಸ್‌ಹೈಮಿಗೆ, ಸುಮಾರು 100 ಕಿಲೋಮೀಟರ್, ಅದೇ ಬಗೆಯ ಗಾಡಿಯಲ್ಲಿ ಹೋದಳು. ಇಂಧನವನ್ನು ವೀಸ್ಲೋಖ್ ಎಂಬ ಊರಿನ ಔಷಧಿ ಅಂಗಡಿಯಲ್ಲಿ ಕೊಂಡಳು ಎಂಬ ಕಥೆ ಎಲ್ಲರಿಗೂ ಗೊತ್ತು. ಇಂಧನಕ್ಕಿಂತ ಹೆಚ್ಚು ಸಲ ಆಕೆ ನಿಂತದ್ದು ನೀರಿಗಾಗಿ. ಜಗತ್ತಿನ ಮೊದಲ ದೂರದ ಮೋಟಾರು ಪ್ರಯಾಣ ನಮ್ಮ ಘಾಟಿಯ ಬಸ್ಸಿನ ಪ್ರಯಾಣದಂತೆಯೇ ನಡೆದಿತ್ತು.

ಇಷ್ಟೊಂದು ನೀರು ಬೇಕಾಗುವುದಕ್ಕೆ ಕಾರಣ ಸರಳ. ನಾವು ಹಾಕಿದ ಪೆಟ್ರೋಲು, ಡೀಸೆಲಿನ ಶಕ್ತಿಯಲ್ಲಿ ಸುಮಾರು ಮೂರನೆಯ ಒಂದು ಪಾಲು ಮಾತ್ರ ಚಕ್ರ ತಿರುಗಿಸುವ ಕೆಲಸಕ್ಕೆ ಬರುತ್ತದೆ. ಇನ್ನೊಂದು ಪಾಲು ಹೊಗೆಯ ಜೊತೆ ಹೊರಗೆ ಹೋಗುತ್ತದೆ. ಉಳಿದದ್ದು ಎಂಜಿನ್ನಿನ ಲೋಹಕ್ಕೆ ಏರುವ ಬಿಸಿ. ಅದನ್ನು ಹೊತ್ತುಕೊಂಡು ಹೋಗಿ ಗಾಳಿಗೆ ಚೆಲ್ಲುವುದು ನೀರಿನ ಕೆಲಸ. 1901ರ ಮರ್ಸಿಡಿಸ್ ಗಾಡಿಗೆ ವಿಲ್ಹೆಲ್ಮ್ ಮೈಬಾಖ್ 8,070 ಸಣ್ಣ ಕೊಳವೆಗಳನ್ನು ಒತ್ತಾಗಿ ಜೋಡಿಸಿದ ಜೇನುಗೂಡಿನಂಥ ರೇಡಿಯೇಟರ್ ಮಾಡಿದ ಮೇಲೆ, ಆವಿಯಾಗಿ ಹೋಗುತ್ತಿದ್ದ ನೀರು ಒಳಗೇ ಸುತ್ತತೊಡಗಿತು. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಗಾಡಿ, ಮೊದಲ ಕೆಲವನ್ನು ಬಿಟ್ಟರೆ, ಪಂಪನ್ನೂ ಇಟ್ಟುಕೊಳ್ಳಲಿಲ್ಲ. ಬಿಸಿನೀರು ತಾನಾಗಿ ಮೇಲೇರುತ್ತದೆ, ತಣ್ಣಗಾದದ್ದು ಕೆಳಗಿಳಿಯುತ್ತದೆ ಎಂಬ ಹಂಡೆಯ ತತ್ವದ ಮೇಲೆಯೇ ಅದು ನಡೆಯಿತು. ಏರಿನಲ್ಲಿ ಆ ತತ್ವ ಸಾಕಾಗುತ್ತಿರಲಿಲ್ಲ, ನೀರು ಕುದಿಯುತ್ತಿತ್ತು.

ನಮ್ಮ ಸೀಮೆಯಲ್ಲಿ ಕುದಿಯುವುದು ಇನ್ನೂ ಸುಲಭ. ಹಾಸನ ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯ ನೀರು 100 ಡಿಗ್ರಿಗೆ ಕಾಯುವುದಿಲ್ಲ, ಸುಮಾರು 97ಕ್ಕೇ ಕುದಿ ಬರುತ್ತದೆ. ಕರಾವಳಿಯ ಕಡೆಯಿಂದ ಹೊರೆ ಹೊತ್ತು ಗುಂಡ್ಯ ದಾಟಿದ ಲಾರಿಗೆ, ಕೆಂಪುಹೊಳೆಯ ಪಕ್ಕದಲ್ಲಿ ಏರುತ್ತ ಏರುತ್ತ, ಎಂಜಿನ್ನಿನ ಮೇಲೆ ಭಾರ ಹೆಚ್ಚುವ ಹೊತ್ತಿಗೇ ನೀರಿನ ಕುದಿಬಿಂದು ಇಳಿಯುತ್ತ ಬರುತ್ತದೆ. ಘಾಟಿಯ ಹಳ್ಳಗಳು ಡ್ರೈವರುಗಳ ಪಾಲಿಗೆ ದೇವರಾದದ್ದು ಇದರಿಂದ.

1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರ 120 ಬಸ್ಸುಗಳೊಂದಿಗೆ ತನ್ನದೇ ರಸ್ತೆ ಸಾರಿಗೆಯನ್ನು ಶುರುಮಾಡಿತು. ಅದಕ್ಕೂ ಮೊದಲು ಹಳ್ಳಿಗಳಿಗೆ ಖಾಸಗಿಯವರ ಬಸ್ಸುಗಳೇ ಆಧಾರ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಪಡಿತರ ಬಂದು, ಬಸ್ಸಿನ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿ ಅದರ ಗ್ಯಾಸಿನಲ್ಲಿ ಓಡಿಸಿದ್ದೂ ಉಂಟು. ಹಿಂದೆ ಬೆಂಕಿ, ಮುಂದೆ ನೀರು ಹೊತ್ತು ಓಡಾಡಿದ ಆ ಬಸ್ಸುಗಳನ್ನು ಕಂಡ ಹಿರಿಯರು ಈಗ ಬೆರಳೆಣಿಕೆಯಷ್ಟು. ಅದೇ ಯುದ್ಧಕ್ಕಾಗಿ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು 6 ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದ್ದವು. 1940ರ ದಶಕದ ಕೊನೆಗೆ ಮುಂಬಯಿಯಲ್ಲಿ ಮಹೀಂದ್ರ ಕಂಪನಿ ವಿಲ್ಲಿಸ್ ಜೀಪಿನ ಭಾಗಗಳನ್ನು ತರಿಸಿ ಜೋಡಿಸತೊಡಗಿತು. ಕಾಫಿ ಸೀಮೆಗೆ ಜೀಪು ಬಂತು. ಅದರ ರೇಡಿಯೇಟರಿಗೆ ಸುಮಾರು 10 ಲೀಟರ್ ನೀರು, ಅದಕ್ಕೆ ತೋಟದ ಝರಿಯೇ ಸಾಕು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಈ ಯಂತ್ರಗಳೆಲ್ಲ ಹಿಮ ಬೀಳುವ ದೇಶಗಳಲ್ಲಿ ಹುಟ್ಟಿದವು. 1930ರ ದಶಕದಲ್ಲಿ ವಿಶ್ವೇಶ್ವರಯ್ಯನವರು ಮೋಟಾರು ಗಾಡಿಗಳು ಈ ದೇಶದಲ್ಲೇ ತಯಾರಾಗಬೇಕೆಂದು ಯೋಜನೆ ಹಿಡಿದು ಓಡಾಡಿದರು, ಬ್ರಿಟಿಷ್ ಸರ್ಕಾರದ ಬೆಂಬಲ ಸಿಗಲಿಲ್ಲ. ಕೊನೆಗೆ ಇಲ್ಲಿ ಕಾರ್ಖಾನೆಗಳು ಎದ್ದಾಗಲೂ ತಯಾರಾದದ್ದು ಹೊರದೇಶದ ನಕ್ಷೆಯ ಗಾಡಿಗಳೇ. ಅಂಬಾಸಿಡರ್ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್, ಪದ್ಮಿನಿ ಇಟಲಿಯ ಫಿಯೆಟ್. ಚಳಿ ದೇಶದ ಗಾಡಿಗೆ ತಂಪು ಮಾಡುವುದು ಎಷ್ಟು ಮುಖ್ಯವೋ ಬೇಗ ಬಿಸಿಯಾಗುವುದೂ ಅಷ್ಟೇ ಮುಖ್ಯ. ಅದಕ್ಕೆಂದೇ ಥರ್ಮೋಸ್ಟ್ಯಾಟ್ ಎಂಬ ಬಾಗಿಲನ್ನು ಇಟ್ಟಿದ್ದರು. ಎಂಜಿನ್ 80 ಡಿಗ್ರಿಯ ಆಸುಪಾಸಿಗೆ ಬರುವವರೆಗೆ ಅದು ನೀರನ್ನು ರೇಡಿಯೇಟರಿಗೆ ಬಿಡದೆ ಒಳಗೇ ಸುತ್ತಿಸುತ್ತದೆ. ಚಳಿಗಾಲದ ರಾತ್ರಿ ನೀರು ಹೆಪ್ಪುಗಟ್ಟಿ ಬ್ಲಾಕ್ ಒಡೆಯದಿರಲೆಂದು ಮೊದಲು ಮದ್ಯಸಾರ ಬೆರೆಸುತ್ತಿದ್ದರು, ಅದು ಬೇಗ ಆವಿಯಾಗುತ್ತಿತ್ತು. ಆಮೇಲೆ ಎಥಿಲೀನ್ ಗ್ಲೈಕಾಲ್ ಬಂತು. ಅದನ್ನು 19ನೆಯ ಶತಮಾನದ ಮಧ್ಯದಲ್ಲೇ ಫ್ರಾನ್ಸಿನ ಶಾರ್ಲ್ ಅಡಾಲ್ಫ್ ವುರ್ಟ್ಸ್ ತಯಾರಿಸಿದ್ದ, ಅಮೆರಿಕದಲ್ಲಿ 1927ರಲ್ಲಿ ಪ್ರೆಸ್ಟೋನ್ ಎಂಬ ಹೆಸರಿನಲ್ಲಿ ಗಾಡಿಗಳಿಗಾಗಿ ಮಾರಾಟಕ್ಕೆ ಬಂತು. ಗಾಡಿಯೊಳಗೆ ಕೂತವರಿಗೆ ಚಳಿಯಾಗದಿರಲೆಂದು ಎಂಜಿನ್ನಿನ ಬಿಸಿನೀರನ್ನೇ ಒಂದು ಪುಟ್ಟ ರೇಡಿಯೇಟರಿಗೆ ತಂದು, ಅದರ ಮೇಲೆ ಗಾಳಿ ಹಾಯಿಸುವ ಹೀಟರುಗಳೂ ಬಂದವು. 1938ರಲ್ಲಿ ಅಮೆರಿಕದ ನ್ಯಾಶ್ ಕಂಪನಿ ಹೊರಗಿನ ಗಾಳಿಯನ್ನು ಸೋಸಿ ಬಿಸಿಮಾಡಿ ಒಳಕ್ಕೆ ಬಿಡುವ ಹೀಟರನ್ನು ತಂದಿತು.

ಇವು ಮೂರೂ ನಮಗೆ ಬೇಡವಾಗಿದ್ದವು. ನಮ್ಮ ಕಡೆಯ ಚಳಿಗೆ ನೀರು ಹೆಪ್ಪುಗಟ್ಟುವುದಿಲ್ಲ, ಆದ್ದರಿಂದ ಕೂಲೆಂಟಿನ ಗೋಜಿಲ್ಲ. ಹೀಟರ್ ಇದ್ದ ಗಾಡಿಗಳು ಅಪರೂಪ. ಥರ್ಮೋಸ್ಟ್ಯಾಟ್ ಕೆಟ್ಟು ಮುಚ್ಚಿಕೊಂಡರೆ ಎಂಜಿನ್ ಕಾಯುತ್ತದೆ, ಬದಲಿ ಭಾಗ ಊರಲ್ಲಿ ಸಿಗುವುದಿಲ್ಲ. ಮೇಸ್ತ್ರಿಗಳು ಅದನ್ನು ಕಿತ್ತು ಎಸೆದರು. ಕಿತ್ತು ಎಸೆದ ಗಾಡಿ ಘಾಟಿಯಲ್ಲಿ ಚೆನ್ನಾಗಿಯೇ ಓಡಿತು. ಆ ಕಾಲಕ್ಕೆ ಅದು ಜಾಣ ನಿರ್ಧಾರ. ನೀರು ಕಡಿಮೆಯಾದರೆ ಹಾಕು, ಮತ್ತೆ ಕಡಿಮೆಯಾದರೆ ಮತ್ತೆ ಹಾಕು. ನೀರು ಎಲ್ಲಿಗೆ ಹೋಯಿತೆಂದು ಕೇಳುವ ಅಗತ್ಯವೇ ಇರಲಿಲ್ಲ. ಅದು ಆವಿಯಾಗಿ ಹೋಗುತ್ತದೆಂದು ಎಲ್ಲರಿಗೂ ಗೊತ್ತಿತ್ತು.

ಆಮೇಲೆ ಗಾಡಿಗಳು ಬದಲಾದವು, ಅಭ್ಯಾಸ ಬದಲಾಗಲಿಲ್ಲ. ರೇಡಿಯೇಟರಿನ ಮುಚ್ಚಳಕ್ಕೆ ಸ್ಪ್ರಿಂಗು ಬಂದು ಒಳಗೆ ಒತ್ತಡ ನಿಲ್ಲತೊಡಗಿತು. ಪ್ರೆಶರ್ ಕುಕ್ಕರಿನ ಲೆಕ್ಕವೇ ಇದು. ಸುಮಾರು ಒಂದು ವಾತಾವರಣದಷ್ಟು ಹೆಚ್ಚಿನ ಒತ್ತಡ ಸಿಕ್ಕರೆ ನೀರು 120 ಡಿಗ್ರಿಯ ಹತ್ತಿರಕ್ಕೆ ಬರುವವರೆಗೆ ಕುದಿಯುವುದಿಲ್ಲ. ಉಕ್ಕಿದ್ದನ್ನು ಹಿಡಿದಿಟ್ಟು, ತಣ್ಣಗಾದಾಗ ವಾಪಸು ಕೊಡುವ ಬಾಟಲಿ ಬಂತು. ಎರಕದ ಕಬ್ಬಿಣದ ಹೆಡ್ಡಿನ ಜಾಗಕ್ಕೆ ಅಲ್ಯೂಮಿನಿಯಮ್ ಬಂತು. ಅದು ಬರಿ ನೀರಿಗೆ ಬೇಗ ಕೊರೆಯುತ್ತದೆ, ಬಿಸಿ ಮಿತಿಮೀರಿದರೆ ಸೊಟ್ಟಗಾಗುತ್ತದೆ. ಹೆಪ್ಪುಗಟ್ಟದ ನಮ್ಮ ನಾಡಿಗೂ ಕೂಲೆಂಟ್ ಬೇಕಾಯಿತು: ತುಕ್ಕು ತಡೆಯುವುದಕ್ಕೆ, ಕುದಿಬಿಂದು ಏರಿಸುವುದಕ್ಕೆ. ಎ.ಸಿ. ಬಂದಾಗ ಅದೇ ಪೆಟ್ಟಿಗೆಯೊಳಗೆ ಹೀಟರೂ ಬಂದು ಕೂತಿತು. ಡ್ಯಾಶ್‌ಬೋರ್ಡಿನಲ್ಲಿ ನೀಲಿ, ಕೆಂಪು ಬಣ್ಣದ ಗುಬಟು ಕಂಡಿತು. ಕೆಂಪಿನ ಕಡೆಗೆ ಅದನ್ನು ತಿರುಗಿಸಿದವರು ನಮ್ಮಲ್ಲಿ ಕಡಿಮೆ.

ಈ ಹೊಸ ವ್ಯವಸ್ಥೆಯಲ್ಲಿ ನೀರು ಎಲ್ಲಿಗೂ ಹೋಗಬಾರದು. ಬಾಯಿ ಕಟ್ಟಿದ ಪಾತ್ರೆ ಅದು. ತಿಂಗಳಿಗೆ ಅರ್ಧ ಲೀಟರ್ ಕಡಿಮೆಯಾದರೂ ಎಲ್ಲೋ ತೂತಿದೆ ಎಂದೇ ಅರ್ಥ. ನೀರಿನ ಕಾಲದ ಉತ್ತರ ‘ಹಾಕು’ ಎಂಬುದಾದರೆ, ಕೂಲೆಂಟ್ ಕಾಲದ ಪ್ರಶ್ನೆ ‘ಎಲ್ಲಿಗೆ ಹೋಯಿತು?’ ಎಂಬುದು. ನಮ್ಮ ಗ್ಯಾರೇಜುಗಳಲ್ಲಿ, ಮನೆಗಳಲ್ಲಿ ಇಂದಿಗೂ ಹಳೆಯ ಉತ್ತರವೇ ನಡೆಯುತ್ತದೆ.

ನನ್ನ ಹತ್ತಿರ 20 ವರ್ಷ ದಾಟಿದ ಡೀಸೆಲ್ ಗಾಡಿಯೊಂದಿದೆ. ಕಾರ್ತಿಕ ಕಳೆದ ಮೇಲೆ ನಮ್ಮ ಕಡೆ ಮಂಜು ಬಲವಾಗಿ ಇಳಿಯುತ್ತದೆ. ಬೆಳಗಿನ ಜಾವ ಹೊರಟರೆ ಮುಂದಿನ ಗಾಜು ಒಳಗಿನಿಂದ ಮಬ್ಬಾಗುತ್ತದೆ, ಹೀಟರ್ ಬೇಕಾಗುತ್ತದೆ. ಒಂದು ವರ್ಷ ಅದು ವಿಚಿತ್ರವಾಗಿ ಆಡತೊಡಗಿತು. ಏರಿನಲ್ಲಿ ಎಂಜಿನ್ ಜೋರಾಗಿ ತಿರುಗುವಾಗ ಬಿಸಿಗಾಳಿ, ನಿಧಾನವಾದ ಕೂಡಲೇ ತಣ್ಣನೆ ಗಾಳಿ. ಟೆಂಪರೇಚರ್ ಮುಳ್ಳು ನಡುವಿನಲ್ಲೇ ಇತ್ತು. ಬಾಟಲಿಯಲ್ಲಿ ಮಾತ್ರ ಮಟ್ಟ ಇಳಿಯುತ್ತಿತ್ತು, ನೆಲದ ಮೇಲೆ ಒಂದು ಹನಿಯೂ ಇಲ್ಲ. ‘ಹೀಟರ್ ಯಾಕಣ್ಣ ನಮ್ಮೂರಿಗೆ, ಪೈಪ್ ಕಿತ್ತು ಒಂದಕ್ಕೊಂದು ಸೇರಿಸಿಬಿಡ್ತೀನಿ’ ಎಂದ ಹುಡುಗನೂ ಇದ್ದ, ‘ನೀರು ಹಾಕ್ಕೊಂಡು ಓಡಿಸಿ’ ಎಂದವರೂ ಇದ್ದರು. ವಯಸ್ಸಾದ ಮೇಸ್ತ್ರಿಯೊಬ್ಬರು ಮಾತ್ರ ಬಾನೆಟ್ ಎತ್ತುವ ಮೊದಲು ಕೇಳಿದರು: ‘ಬಿಸಿ ಬರೋದು ಯಾವಾಗ ನಿಲ್ತದೆ ಸ್ವಾಮಿ, ನಿಧಾನಕ್ಕೆ ಹೋಗುವಾಗಲೋ, ಜೋರಾಗಿ ಹೋಗುವಾಗಲೋ?’

ಆ ಪ್ರಶ್ನೆಯಲ್ಲಿ ಅರ್ಧ ಉತ್ತರವಿತ್ತು. ಎಷ್ಟೋ ಗಾಡಿಗಳಲ್ಲಿ ಹೀಟರಿನ ಪುಟ್ಟ ರೇಡಿಯೇಟರ್ ನೀರಿನ ದಾರಿಯಲ್ಲಿ ಎತ್ತರದ ಜಾಗದಲ್ಲಿರುತ್ತದೆ. ನೀರು ಕಡಿಮೆಯಾದಾಗ ಗಾಳಿ ಬಂದು ಸೇರಿಕೊಳ್ಳುವುದು ಅಲ್ಲಿಗೇ. ಪಂಪು ಜೋರಾಗಿ ತಿರುಗಿದರೆ ನೀರು ಅಲ್ಲಿಗೆ ಹತ್ತುತ್ತದೆ, ನಿಧಾನವಾದರೆ ಹತ್ತುವುದಿಲ್ಲ. ಹೀಗಾಗಿ ಎಂಜಿನ್ನಿಗೆ ನೀರು ಸಾಲದೆಂಬ ಸುದ್ದಿಯನ್ನು ಮೊದಲು ಹೇಳುವುದು ಹೀಟರ್. ಮುಳ್ಳು ಆಮೇಲೆ ಹೇಳುತ್ತದೆ, ಕೆಲವೊಮ್ಮೆ ಸುಳ್ಳನ್ನೂ ಹೇಳುತ್ತದೆ. ಮುಳ್ಳಿಗೆ ಬಿಸಿ ತಿಳಿಸುವ ಸೆನ್ಸರ್ ನೀರಿನಲ್ಲಿ ಮುಳುಗಿದ್ದರೆ ಮಾತ್ರ ಸರಿಯಾಗಿ ಅಳೆಯುತ್ತದೆ. ನೀರು ಇಳಿದು ಅದು ಆವಿಯಲ್ಲಿ ನಿಂತರೆ ಮುಳ್ಳು ಕೆಳಗಿಳಿದು ಎಲ್ಲ ಕ್ಷೇಮ ಎಂಬಂತೆ ತೋರಿಸಬಹುದು. ಕಾದಿದ್ದ ಗಾಡಿಯ ಮುಳ್ಳು ಇದ್ದಕ್ಕಿದ್ದಂತೆ ಇಳಿದು, ಹೀಟರಿನಿಂದ ತಣ್ಣನೆ ಗಾಳಿ ಬಂದರೆ ತಕ್ಷಣ ಬದಿಗೆ ನಿಲ್ಲಿಸಿ ಎಂಜಿನ್ ಆರಿಸಬೇಕು.

ಮೇಸ್ತ್ರಿ ಮುಂದೆ ಮಾಡಿದ್ದು ಒಂದು ತನಿಖೆ. ಮೊದಲು, ರಾತ್ರಿಯೆಲ್ಲ ನಿಂತು ತಣ್ಣಗಾದ ಗಾಡಿಯ ಮುಚ್ಚಳ ತೆಗೆದರು. ಬಿಸಿಯಿದ್ದಾಗ ತೆಗೆದರೆ ಒತ್ತಡದಲ್ಲಿ ಕುದಿಯದೆ ನಿಂತಿದ್ದ ನೀರು ಒಮ್ಮೆಗೇ ಆವಿಯಾಗಿ ಮುಖಕ್ಕೆ ಎರಚುತ್ತದೆ. ಕೈ, ಮುಖ ಸುಟ್ಟುಕೊಂಡ ಕ್ಲೀನರುಗಳು ನೀರಿನ ಕಾಲದಲ್ಲೂ ಇದ್ದರು, ಈಗಲೂ ಇದ್ದಾರೆ. ಮುಚ್ಚಳದ ರಬ್ಬರ್ ಸವೆದಿದೆಯೇ, ಸ್ಪ್ರಿಂಗು ಸಡಿಲವೇ ಎಂದು ನೋಡಿದರು. ಮುಚ್ಚಳ ಹಾಳಾದರೆ ಒತ್ತಡ ನಿಲ್ಲದೆ ನೀರು ಬೇಗ ಕುದಿದು ಹೊರಗೆ ಹೋಗುತ್ತದೆ. ಕಡಿಮೆ ದುಡ್ಡಿನ ಈ ಮುಚ್ಚಳಕ್ಕಾಗಿ ರೇಡಿಯೇಟರನ್ನೇ ಬದಲಾಯಿಸಿದವರಿದ್ದಾರೆ.

ಆಮೇಲೆ ಕೈಪಂಪಿನಿಂದ ಒಳಗೆ ಒತ್ತಡ ತುಂಬಿ ಅರ್ಧ ಗಂಟೆ ಬಿಟ್ಟರು. ಒತ್ತಡದ ಮುಳ್ಳು ನಿಧಾನವಾಗಿ ಇಳಿಯಿತು, ಅಂದರೆ ನೀರು ಎಲ್ಲಿಂದಲೋ ಹೊರಡುತ್ತಿದೆ. ರೇಡಿಯೇಟರಿನ ಬೆಸುಗೆ, ಮೇಲಿನ ಕೆಳಗಿನ ಹೋಸ್ ಪೈಪುಗಳ ಕ್ಲಿಪ್ಪು, ಸೀಲು ಹೋದರೆ ನೀರು ಜಿನುಗಲೆಂದೇ ವಾಟರ್ ಪಂಪಿನ ಕೆಳಗೆ ಬಿಟ್ಟಿರುವ ಸಣ್ಣ ತೂತು, ಬ್ಲಾಕಿನ ಪಕ್ಕದ ಬಿಲ್ಲೆಗಳು ಎಲ್ಲವನ್ನೂ ಟಾರ್ಚ್ ಹಿಡಿದು ನೋಡಿದರು. ಒಳಗೆ ಪಕ್ಕದ ಸೀಟಿನ ಕಾಲಡಿಯ ಮ್ಯಾಟ್ ಎತ್ತಿ ಮುಟ್ಟಿ ನೋಡಿದರು. ಹೀಟರಿನ ರೇಡಿಯೇಟರೇ ಸೋರುತ್ತಿದ್ದರೆ ಅಲ್ಲಿ ಅಂಟಂಟು ಒದ್ದೆ ಇರುತ್ತದೆ, ಸಿಹಿ ವಾಸನೆ ಬರುತ್ತದೆ, ಗಾಜಿನ ಮೇಲೆ ಒರೆಸಿದರೂ ಹೋಗದ ಜಿಡ್ಡು ಕೂರುತ್ತದೆ. ನನ್ನ ಗಾಡಿಯಲ್ಲಿ ಅದಿರಲಿಲ್ಲ.

ಹೊರಗೆ ಏನೂ ಕಾಣದಿದ್ದರೆ ಎಂಜಿನ್ನೇ ನೀರು ಕುಡಿಯುತ್ತಿದೆ ಎಂದು ಅನುಮಾನಿಸಬೇಕು. ಹೆಡ್ಡಿಗೂ ಬ್ಲಾಕಿಗೂ ನಡುವಿನ ಗ್ಯಾಸ್ಕೆಟ್ ಹರಿದರೆ ನೀರು ಸಿಲಿಂಡರಿಗೆ ಇಳಿದು ಬಿಳಿ ಹೊಗೆಯಾಗುತ್ತದೆ, ಆಯಿಲಿಗೆ ಬೆರೆತರೆ ಆಯಿಲ್ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಸಿಲಿಂಡರಿನ ಗ್ಯಾಸು ನೀರಿಗೆ ನುಗ್ಗಿದರೆ ರೇಡಿಯೇಟರಿನ ಬಾಯಲ್ಲಿ ಗುಳ್ಳೆಗಳು ನಿಲ್ಲದೆ ಏಳುತ್ತವೆ, ಎಂಜಿನ್ ಇನ್ನೂ ಕಾಯುವ ಮೊದಲೇ ಹೋಸ್ ಪೈಪು ಕಲ್ಲಿನಂತೆ ಗಟ್ಟಿಯಾಗುತ್ತದೆ. ಇದ್ಯಾವುದೂ ಕಾಣಲಿಲ್ಲ. ಕೊನೆಗೆ ಸಿಕ್ಕಿದ್ದು ಎಂಜಿನ್ನಿನ ಬೆನ್ನಿಗೆ, ಹೀಟರಿಗೆ ಹೋಗುವ ಪೈಪಿನ ಕ್ಲಿಪ್ಪಿನ ಕೆಳಗೆ ಸುಣ್ಣದಂತೆ ಒಣಗಿದ್ದ ಬಿಳಿ ಗೆರೆ. ಬಿಸಿಯಾದಾಗ ಮಾತ್ರ ಅಲ್ಲಿಂದ ಜಿನುಗುತ್ತಿದ್ದ ನೀರು ಸುಡುವ ಬ್ಲಾಕಿನ ಮೇಲೆ ಬಿದ್ದು ನೆಲ ಮುಟ್ಟುವ ಮೊದಲೇ ಆವಿಯಾಗುತ್ತಿತ್ತು. ಒಂದು ಗೇಣು ಪೈಪು, ಎರಡು ಕ್ಲಿಪ್ಪು ಬದಲಾದವು.

ಕೆಲಸ ಅಷ್ಟಕ್ಕೆ ಮುಗಿಯಲಿಲ್ಲ. ಗಾಡಿಯ ಮೂತಿ ಏರಿನ ಕಡೆ ಬರುವಂತೆ ನಿಲ್ಲಿಸಿ, ಹೀಟರಿನ ಗುಬಟನ್ನು ಪೂರ್ತಿ ಕೆಂಪಿಗೆ ತಿರುಗಿಸಿ, ತಣ್ಣಗಿದ್ದಾಗಲೇ ಮುಚ್ಚಳ ತೆಗೆದು, ಎಂಜಿನ್ ಓಡಿಸುತ್ತ ಸ್ವಲ್ಪ ಸ್ವಲ್ಪವೇ ಕೂಲೆಂಟ್ ತುಂಬಿ ಗಾಳಿ ಹೊರಡಿಸಿದರು. ಆಮೇಲೆ ಹೀಟರಿನ ಎರಡೂ ಪೈಪುಗಳನ್ನು ಮುಟ್ಟಿ ತೋರಿಸಿದರು. ಎರಡೂ ಬಿಸಿಯಾಗಿದ್ದು ಒಳಗೆ ತಣ್ಣನೆ ಗಾಳಿ ಬಂದರೆ ಗಾಳಿಯ ಬಾಗಿಲಿನ ದೋಷ. ಒಂದು ಬಿಸಿ, ಒಂದು ತಣ್ಣಗಿದ್ದರೆ ಹೀಟರಿನೊಳಗೆ ಕೆಸರು ಕಟ್ಟಿದೆ ಅಥವಾ ವಾಲ್ವ್ ಮುಚ್ಚಿದೆ. ಎರಡೂ ಉಗುರು ಬೆಚ್ಚಗಿದ್ದರೆ ನೀರು ಕಡಿಮೆ, ಇಲ್ಲವೇ ಥರ್ಮೋಸ್ಟ್ಯಾಟ್ ತೆರೆದೇ ನಿಂತಿದೆ, ಇಲ್ಲವೇ ಯಾರೋ ಅದನ್ನು ಕಿತ್ತಿದ್ದಾರೆ. ಕಿತ್ತ ಗಾಡಿ ಘಾಟಿಯಲ್ಲಿ ಕಾಯದಿರಬಹುದು. ಮಂಜಿನ ಬೆಳಗುಗಳಲ್ಲಿ ಅದು ಸರಿಯಾಗಿ ಬಿಸಿಯಾಗುವುದೇ ಇಲ್ಲ, ಹೆಚ್ಚು ಡೀಸೆಲ್ ಕುಡಿಯುತ್ತದೆ, ಒಳಗಿನ ಭಾಗಗಳು ಬೇಗ ಸವೆಯುತ್ತವೆ.

ಹೀಟರಿಗೆ ಇನ್ನೊಂದು ಉಪಯೋಗವೂ ಇದೆ. ಅದು ಎರಡನೆಯ ರೇಡಿಯೇಟರ್. ಏರಿನಲ್ಲಿ ಮುಳ್ಳು ಮೇಲೇರತೊಡಗಿದಾಗ ಎ.ಸಿ. ಆರಿಸಿ, ಕಿಟಕಿ ಇಳಿಸಿ, ಹೀಟರನ್ನು ಪೂರ್ತಿ ಹಾಕಿದರೆ ಎಂಜಿನ್ನಿನ ಬಿಸಿಯಲ್ಲಿ ಒಂದು ಪಾಲು ಒಳಗೆ ಬಂದು ನಮ್ಮನ್ನು ಬೇಯಿಸುತ್ತದೆ, ಎಂಜಿನ್ ಉಳಿಯುತ್ತದೆ. ನಿಲ್ಲಿಸಲು ಜಾಗವಿರುವ ತಿರುವು ಸಿಗುವವರೆಗೆ ಅಷ್ಟು ಸಾಕು. ನಮ್ಮೂರಿಗೆ ಬೇಡವೆಂದು ಪೈಪು ಕಿತ್ತು ಸೇರಿಸಿಬಿಡುವ ಹೀಟರಿನ ಬೆಲೆ ಇದು.

ಈ ಇತಿಹಾಸದಲ್ಲಿ ನನ್ನನ್ನು ಹೆಚ್ಚು ಕಾಡುವುದು ಬೇರೊಂದು ಬದಲಾವಣೆ. ನೀರಿನ ಕಾಲದಲ್ಲಿ ಎಂಜಿನ್ನೂ ಮನುಷ್ಯನೂ ದನವೂ ಒಂದೇ ಹಳ್ಳದ ನೀರು ಕುಡಿದವು. ರೇಡಿಯೇಟರಿನಿಂದ ಚೆಲ್ಲಿದ ನೀರಿನಲ್ಲಿ ತುಕ್ಕಿನ ಕೆಂಪು ಬಿಟ್ಟರೆ ಹೆಚ್ಚಿನ ಕೇಡಿರಲಿಲ್ಲ. ಈಗಿನ ಹಸಿರು, ಗುಲಾಬಿ ಬಣ್ಣದ ಕೂಲೆಂಟಿನಲ್ಲಿ ಸಾಮಾನ್ಯವಾಗಿ ಇರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಒಳಗೆ ಹೋದರೆ ವಿಷ. ದೇಹದಲ್ಲಿ ಅದು ಆಕ್ಸಾಲಿಕ್ ಆಮ್ಲವಾಗಿ ಮಾರ್ಪಟ್ಟು ಮೂತ್ರಪಿಂಡದಲ್ಲಿ ಹರಳುಗಟ್ಟುತ್ತದೆ. ಅಂಗಳದಲ್ಲಿ ಚೆಲ್ಲಿದ್ದನ್ನು ನಾಯಿ ನೆಕ್ಕುತ್ತದೆ, ಕರು ಮೂತಿ ಹಾಕುತ್ತದೆ. ಗ್ಯಾರೇಜಿನಲ್ಲಿ ತೆಗೆದ ಹಳೆಯ ಕೂಲೆಂಟನ್ನು ಚರಂಡಿಗೆ ಬಿಟ್ಟರೆ ಅದು ಕೆರೆಯ ಕಡೆಗೇ ಹರಿಯುತ್ತದೆ. ಕುಡಿಯುವ ನೀರಿನ ಖಾಲಿ ಬಾಟಲಿಯಲ್ಲಿ ಉಳಿದ ಕೂಲೆಂಟ್ ತುಂಬಿ ಜಗಲಿಯ ಮೇಲೆ ಇಡುವ ಮನೆಗಳನ್ನು ನಾನು ನೋಡಿದ್ದೇನೆ, ಮಕ್ಕಳು ಓಡಾಡುವ ಮನೆಗಳವು. ಎಂಜಿನ್ನಿನ ನೀರು ನೀರಾಗಿ ಉಳಿದಿಲ್ಲ ಎಂಬುದನ್ನು ನಮ್ಮ ಅಭ್ಯಾಸಗಳು ಇನ್ನೂ ಒಪ್ಪಿಕೊಂಡಿಲ್ಲ.

2014ರಲ್ಲಿ ಅಂಬಾಸಿಡರ್ ತಯಾರಿಕೆ ನಿಂತಿತು. 2021ರಲ್ಲಿ ಹಳೆಯ ವಾಹನಗಳನ್ನು ಗುಜರಿಗೆ ಕಳಿಸುವ ಕೇಂದ್ರ ಸರ್ಕಾರದ ನೀತಿ ಬಂತು. ಬ್ಯಾಟರಿ ಗಾಡಿಗಳು ಬಂದಿವೆ. ಅವುಗಳಲ್ಲೂ ಅನೇಕಕ್ಕೆ ಬ್ಯಾಟರಿ ತಂಪು ಮಾಡಲು ಕೂಲೆಂಟ್ ಬೇಕು, ಅಲ್ಲೂ ಅದು ಎಲ್ಲಿಗೂ ಹೋಗಬಾರದು. ಆದರೆ ಮಲ್ಲಿಪಟ್ಟಣದಂಥ ಊರುಗಳಲ್ಲಿ ಸಂತೆಗೆ ಸರಕು, ಆಸ್ಪತ್ರೆಗೆ ಬಾಣಂತಿ, ತೋಟಕ್ಕೆ ಆಳುಗಳು ಇನ್ನೂ ಹಲವು ವರ್ಷ ಹಳೆಯ ಗಾಡಿಗಳಲ್ಲೇ ಹೋಗಬೇಕು. ಹೆಡ್ಡು ಸೊಟ್ಟಗಾಗಿ ಗಾಡಿ ನಿಂತರೆ ಅದನ್ನೇ ನಂಬಿದ ಮನೆಯ ದುಡಿಮೆಯೂ ನಿಲ್ಲುತ್ತದೆ. ಕಾರಣ ಹಲವು ಸಲ ಒಂದು ಗೇಣು ಪೈಪು, ಒಂದು ಮುಚ್ಚಳ, ಒಂದು ಕ್ಲಿಪ್ಪು ಅಷ್ಟೇ ಆಗಿರುತ್ತದೆ.

ಹಳೆಯ ಡ್ರೈವರುಗಳ ನೀರಿನ ನಕ್ಷೆ ಇಂದು ಯಾರಿಗೂ ಬೇಕಿಲ್ಲ. ಆದರೆ ಅವರು ಎಂಜಿನ್ನಿಗೆ ಕಿವಿಗೊಟ್ಟು, ಮೂಗುಗೊಟ್ಟು ಓಡಿಸುತ್ತಿದ್ದರು. ಆವಿಯ ಸದ್ದು, ಸುಟ್ಟ ರಬ್ಬರಿನ ವಾಸನೆ, ಏರಿನಲ್ಲಿ ಸೋತ ದನಿ ಅವರಿಗೆ ಮಾತಿನಂತೆ ಕೇಳುತ್ತಿತ್ತು. ಆ ಗಮನಕ್ಕೆ ಈಗ ಎರಡು ಕೆಲಸ ಸೇರಿಸಿಕೊಂಡರೆ ಸಾಕು: ವಾರಕ್ಕೊಮ್ಮೆ ತಣ್ಣನೆ ಬೆಳಗಿನಲ್ಲಿ ಬಾಟಲಿಯ ಗೆರೆ ನೋಡುವುದು, ಬೇಸಿಗೆಯಾದರೂ ಸರಿಯೇ, ಆಗಾಗ ಹೀಟರಿನ ಗುಬಟನ್ನು ಕೆಂಪಿಗೆ ತಿರುಗಿಸಿ ಬಿಸಿ ಬರುತ್ತದೆಯೇ ಎಂದು ಕೈಯೊಡ್ಡುವುದು. ಗೆರೆ ಇಳಿದಿದ್ದರೆ ಕ್ಯಾನು ಎತ್ತುವ ಮೊದಲು ಒಂದು ಸಲ ಕೇಳಬೇಕು, ಇದು ಎಲ್ಲಿಗೆ ಹೋಯಿತು ಎಂದು.